ಟ್ರಾಲಿಯ ಮೇಲೆ ತುಂಬಿದ ಉಡಿ

ಹುಟ್ಟುವ ಪ್ರತಿ ಉಸಿರನ್ನೂ ಎರಡು ಕೈಯಲ್ಲಿ ಹಿಡಿದು ಭೂಮಿಗೆ ಇಳಿಸುವ ಕರುಣಾಳು ಪರಶಿವನೇ, ನಿನಗೆ ಶರಣು. ಹೇಳುವ ನಾಲಿಗೆಯಲ್ಲೂ ಕೇಳುವ ಕಿವಿಯಲ್ಲೂ ನೀನೇ ಇರು.

ಒಬ್ಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ನಾನು ಹೇಳುವುದು ಸತ್ಯ. ನಡೆದುಕೊಂಡರೆ ಜನರಿಗೇ ಒಳ್ಳೆಯದು. ಆದರೂ ಅವರೇಕೆ ಕೇಳುವುದಿಲ್ಲ?"

"ಯಾರಿಗೆ ಏನು ಹೇಳಿದೆ?"

"ಕಬ್ಬು ಕಡಿಯಲು ಬಂದವರ ಗುಡಿಸಲುಗಳಿಗೆ ಹೋಗಿದ್ದೆ. ನೀರು ಕಾಯಿಸಿ ಕುಡಿಯಿರಿ, ಕೂಸುಗಳ ಭೇದಿ ನಿಲ್ಲುತ್ತದೆ ಎಂದೆ. ನಕ್ಕು ಕಳಿಸಿದರು."

ಕತೆ ಹೇಳುವ ಹುರುಪು ಬಂದರೆ ಗುರುಗಳು ಹೊದ್ದ ಶಾಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಈಗಲೂ ಸರಿಸಿ ಹೇಳತೊಡಗಿದರು.

ಕಬ್ಬಿನ ಸೀಮೆಯ ಒಂದು ಊರಿನಲ್ಲಿ ಒಬ್ಬ ದಾದಿ ಇದ್ದಳು. ಊರಿನ ಆರೋಗ್ಯ ಕೇಂದ್ರದಲ್ಲಿ ಅವಳೊಬ್ಬಳೇ. ದೇವರ ಮೇಲೆ ಭಾರ ಹಾಕಿ ಕೆಲಸಕ್ಕೆ ಕೈ ಹಚ್ಚುವ ಹೆಂಗಸು. ದೀಪಾವಳಿ ಕಳೆದ ಮೇಲೆ ದೂರದ ಬಯಲುಸೀಮೆಯಿಂದ ಕಬ್ಬು ಕಡಿಯುವವರು ಬಂದು ಊರ ಹೊರಗೆ ಗುಡಿಸಲು ಹಾಕುತ್ತಿದ್ದರು. ಬೆಳಕು ಹರಿಯುವ ಮೊದಲೇ ಅವರು ಹೊಲ ಸೇರುವುದರಿಂದ, ದಾದಿ ಅದಕ್ಕೂ ಮೊದಲೇ ಚೀಲ ಹೆಗಲಿಗೇರಿಸಿ ಅಲ್ಲಿಗೆ ಹೋಗುತ್ತಿದ್ದಳು. 'ಅವರು ನಮ್ಮೂರವರಲ್ಲ, ನಿನಗೇಕೆ ಉಸಾಬರಿ?' ಎಂದು ಊರವರು ಅಂದರೂ ಬಿಡಲಿಲ್ಲ.

ಒಂದು ವರ್ಷ ಆ ಗುಂಪಿನಲ್ಲಿ ಹೊನ್ನವ್ವನೆಂಬ ಬಸುರಿ ಇದ್ದಳು. ಚೊಚ್ಚಲು. ಕಣ್ಣ ರೆಪ್ಪೆ ಮಡಚಿ ನೋಡಿದರೆ ಒಳಗೆಲ್ಲ ಬಿಳಿಚಿಕೊಂಡಿತ್ತು. ದಾದಿ ಗುಳಿಗೆ ಕೊಟ್ಟು ಹೇಳಿದಳು: "ಮೈಯಾಗ ರಕ್ತ ಕಡಿಮಿ ಐತಿ. ಹೆರಿಗಿ ಗುಡಿಸಲಾಗ ಬ್ಯಾಡ. ನನ್ನ ಕಡೆ ಬರಬೇಕು." ಹೊನ್ನವ್ವ ತಲೆಯಾಡಿಸಿದಳು. ಅವಳ ಅತ್ತೆಯೂ ತಲೆಯಾಡಿಸಿದಳು. ದಾದಿ ನೆಮ್ಮದಿಯಿಂದ ಮನೆಗೆ ಬಂದಳು. ಅವಳು ತಪ್ಪಿದ್ದು ಅಲ್ಲೇ.

ಒಂದು ಬೆಳಿಗ್ಗೆ ನೆರೆಮನೆಯ ಗೌಡತಿ ಓಡಿ ಬಂದಳು. "ಸಿಸ್ಟರ್, ಆ ಹುಡುಗಿಗೆ ಬ್ಯಾನಿ ಚಾಲೂ ಆಗ್ಯಾವ. ಟ್ರ್ಯಾಕ್ಟರಿನಾಗ ಹಾಕ್ಕೊಂಡು ತವರಿಗೆ ಹೊಂಟಾರ!"

ತವರು ಎಂದರೆ ನದಿಯಾಚೆ, ಇಡೀ ಹಗಲಿನ ದಾರಿ. ದಾದಿ ಆಸ್ಪತ್ರೆಯ ಗಾಡಿಗೆ ಫೋನು ಮಾಡಿದಳು. ಚಪ್ಪಲಿ ಮೆಟ್ಟಲೂ ಮರೆತು ಓಡಿದಳು. ಗೌಡತಿ ಹಿಂದೆ ಓಡಿದಳು. ಅವರಿಬ್ಬರನ್ನು ನೋಡಿ ಅರ್ಧ ಓಣಿಯೇ ಓಡಿತು.

ಟ್ರ್ಯಾಕ್ಟರು ಆಗಲೇ ಡಾಂಬರು ರಸ್ತೆಗೆ ಹತ್ತುತ್ತಿತ್ತು. ದಾದಿ ಅದರ ಮುಂದೆ ಕೈ ಅಗಲಿಸಿ ನಿಂತಳು. ಟ್ರಾಲಿಯಲ್ಲಿ ಕಬ್ಬಿನ ಸೋಗೆಯ ಮೇಲೆ ಹೊನ್ನವ್ವ ಮಲಗಿದ್ದಳು. ದಾದಿ ಹತ್ತಿ ಹೊಟ್ಟೆ ಮುಟ್ಟಿ ನೋಡಿದಳು. ಕೂಸಿನ ತಲೆ ಕೆಳಗಿಳಿದಿತ್ತು. ಮುಂದಿನ ಊರನ್ನೂ ದಾಟುವಂತಿರಲಿಲ್ಲ.

"ನಿಮಗ ಬುದ್ಧಿ ಐತೇನು?" ದಾದಿ ಕೂಗಿದಳು. "ದಾರ್‍ಯಾಗ ರಕ್ತ ಹರಿದರ ಈಕಿ ಉಳಿಯಂಗಿಲ್ಲ. ಇಳಸ್ರಿ!"

ಅತ್ತೆ ಅಲುಗಲಿಲ್ಲ. "ಚೊಚ್ಚಲ ಹೆರಿಗಿ ತವರಾಗ ಆಗಬೇಕು. ಅವರವ್ವ ಹರಕಿ ಹೊತ್ತು ದಾರಿ ಕಾಯಾಕತ್ಯಾಳ. ಪರದೇಶಿ ಹಂಗ ಎಲ್ಲೋ ಹಡಿಸಿದರ, ನಾಳೆ ಬೀಗತಿಗೆ ಯಾವ ಮಾರಿ ತೋರಿಸಲಿ? ನಿಂದು ದವಾಖಾನಿ. ತವರಲ್ಲ."

ಟ್ರ್ಯಾಕ್ಟರಿನವನು ಮುಂದಿನಿಂದ ಕೂಗಿದ: "ಅಕ್ಕಾರ, ಜಲ್ದಿ ಇತ್ಯರ್ಥ ಮಾಡ್ರಿ. ಇಲ್ಲಾಂದ್ರ ಕೂಸು ನನ್ನ ಟ್ರಾಲೀನ ತವರು ಅಂತೈತಿ!"

ಯಾರೋ ನಕ್ಕರು. ದಾದಿಯ ಬಾಯಲ್ಲಿ ಇನ್ನೂ ಬೈಗುಳವಿತ್ತು. ಅಷ್ಟರಲ್ಲಿ ಹೊನ್ನವ್ವ ಟ್ರಾಲಿಯ ಅಂಚು ಹಿಡಿದು, "ಯವ್ವಾ" ಎಂದು ಚೀರಿದಳು. ತಾನು ಇಷ್ಟು ದಿನ ರಕ್ತದ ಮಾತು ಆಡುತ್ತಿದ್ದೆ, ಇವರು ತಾಯಿಯ ಮಾತು ಆಡುತ್ತಿದ್ದರು ಎಂದು ಅವಳಿಗೆ ಹೊಳೆಯಿತು. ಮನಸ್ಸಿನಲ್ಲೇ ಶಿವನನ್ನು ನೆನೆದಳು. ಹೊನ್ನವ್ವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅತ್ತೆಯನ್ನು ಕೇಳಿದಳು: "ತವರು ಅಂದರ ಏನೇನು ಮಾಡಬೇಕು? ಹೇಳವ್ವ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಉಡಿ ತುಂಬಬೇಕು. ಅದೇನು, ಯಾರರ ತುಂಬತಾರ. ಆಮ್ಯಾಲೆ ಬಾಣಂತೀನ ಮನ್ಯಾಗ ಇಟಗೊಂಡು ನೀರು ಎರಿಬೇಕು. ತೊಟ್ಟಿಲು ಕಟ್ಟಬೇಕು. ವರ್ಷಾ ವರ್ಷಾ ನಾಗರ ಪಂಚಮಿಗೆ ಕರದು ಸೀರಿ ಉಡಿಸಬೇಕು. ಸಾಯೂತನ ಮಗಳು ಅನಬೇಕು. ನಿನ್ನ ಕಡೆ ಆಕೈತೇನು?"

ದಾದಿಗೆ ತನ್ನ ಮನೆ ಕಣ್ಣಿಗೆ ಬಂತು. ಇಕ್ಕಟ್ಟಾದ ಮನೆ. ಕೂಸು ಕೈಗೆ ಬಂದರೆ ತನ್ನ ನೌಕರಿಯ ಕೆಲಸ ಮುಗಿಯುತ್ತದೆ. ಇದು ಹಾಗೆ ಮುಗಿಯುವಂಥದ್ದಲ್ಲ. ದೇವರ ಮುಂದೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜೀವವೂ ತನ್ನದಲ್ಲ. ತೊಡೆಯ ಮೇಲಿನ ಹುಡುಗಿ ಬೆವರಿ ನಡುಗುತ್ತಿದ್ದಳು.

"ಆಕೈತಿ," ಎಂದಳು.

"ನಾವು ಯಾವ ಮಂದಿ ಅಂತ ಕೇಳಲಿಲ್ಲಲ್ಲ?"

"ಕೂಸು ಬರಲಿ, ಆಮ್ಯಾಲೆ ಪುರಸೊತ್ತಿಲೆ ಕೇಳ್ತೀನಿ."

ಗೌಡತಿ ಆಗಲೇ ರಸ್ತೆಬದಿಯ ಮನೆಗೆ ನುಗ್ಗಿದ್ದಳು. ಒಬ್ಬಳು ಅಕ್ಕಿ ತಂದಳು, ಒಬ್ಬಳು ಕೊಬ್ಬರಿ ಬಟ್ಟಲು. ಇನ್ನೊಬ್ಬಳು ಪೆಟ್ಟಿಗೆಯಲ್ಲಿಟ್ಟ ಕುಪ್ಪಸದ ಖಣವನ್ನೇ ತಂದಳು. ಎಂಜಿನ್ ಗುಡುಗುತ್ತಿದ್ದ ಟ್ರಾಲಿಯ ಮೇಲೆ ದಾದಿ ಹೊನ್ನವ್ವನ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಹುಡುಗಿ ಎರಡು ಬೇನೆಗಳ ನಡುವೆ ಸೆರಗು ಒಡ್ಡಿದಳು. ಹೆಂಗಸರು ಸೋಬಾನೆ ಎತ್ತಿಯೇಬಿಟ್ಟರು.

ಅತ್ತೆ ಕಣ್ಣೊರೆಸಿಕೊಂಡು ಮುಂದೆ ಬಾಗಿ ಗದರಿದಳು: "ಏ, ಏನ್ ನೋಡಾಕತ್ತೀ? ಗಾಡಿ ತಿರುವೋ, ತವರಿಗೆ!"

ಟ್ರ್ಯಾಕ್ಟರು ಹಾರ್ನು ಬಾರಿಸುತ್ತ ಊರೊಳಗೆ ನುಗ್ಗಿ ಆರೋಗ್ಯ ಕೇಂದ್ರದ ಮುಂದೆ ನಿಂತಿತು. ಆಸ್ಪತ್ರೆಯ ಗಾಡಿ ಬರುವ ಮೊದಲೇ ಕೂಸು ಬಂತು. ರಕ್ತ ಹೋಗತೊಡಗಿತು. ದಾದಿ ಸೂಜಿ ಚುಚ್ಚಿದಳು, ಹೊಟ್ಟೆ ನೀವಿದಳು, ಬಾಯಲ್ಲಿ ಶಿವನಾಮ ಬಿಡಲಿಲ್ಲ. ರಕ್ತ ನಿಂತಿತು. ತಾಯಿಯೂ ಉಳಿದಳು, ಕೂಸೂ ಉಳಿಯಿತು. "ಹೆಣ್ಣು!" ಎಂಬ ಮಾತು ಹೊರಬಿದ್ದದ್ದೇ ತಡ, ಕಬ್ಬು ಕಡಿಯುವವರು ಕುಡುಗೋಲಿನಿಂದ ತಾಟು ಬಾರಿಸಿದರು. ಊರಿನವರು ತಮ್ಮ ಮನೆಗಳಿಂದ ತಾಟು ತಂದು ಜೊತೆಗೂಡಿದರು.

ದೊಡ್ಡಾಸ್ಪತ್ರೆಯಿಂದ ಮರಳಿದ ಬಾಣಂತಿಯನ್ನು ದಾದಿ ತನ್ನ ಮನೆಗೇ ಕರೆದೊಯ್ದಳು. ನೀರು ಕಾಯಿಸಿ ಎರೆದಳು. ಮಳೆಗಾಲಕ್ಕೆ ಪಂಚಮಿಯ ಕರೆ ಕಳಿಸಿದಳು. ದಾದಿಯ ಗಂಡ ಬಂದವರಿಗೆಲ್ಲ ಹೇಳುತ್ತಿದ್ದ: "ಮುಂಜಾನೆ ಮಕ್ಕಳಿರಲಿಲ್ಲ, ಸಂಜೀಗೆ ಮಗಳು, ಮೊಮ್ಮಗಳು ಎರಡೂ. ದೇವರಿಗೆ ಭಾಳ ಅವಸರ ಇತ್ತು ನೋಡ್ರಿ."

ಮರುವರ್ಷ ಗುಡಿಸಲುಗಳಲ್ಲಿ ಯಾವ ಹೆಣ್ಣಿಗೆ ಬೇನೆ ಬಂದರೂ ಅವಳೇ ಎದ್ದು ಕೇಂದ್ರಕ್ಕೆ ನಡೆದು ಬಂದಳು. ದಾದಿ ಗುಳಿಗೆ ಕೊಟ್ಟರೆ ನುಂಗಿದರು. ಬೇಡವೆಂದದ್ದನ್ನು ಬಿಟ್ಟರು.

ಗುರುಗಳು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು, ಆದರೆ ಹಣೆಯ ಗೆರೆ ಹೋಗಿರಲಿಲ್ಲ. "ಗುರುಗಳೇ, ಆ ದಾದಿ ಮೊದಲು ಹೇಳಿದ್ದೂ ಸತ್ಯವೇ. ಆಮೇಲೆ ಹೇಳಿದ್ದೂ ಅದೇ ಸತ್ಯ. ಮೊದಲು ಕೇಳದವರು ಆಮೇಲೆ ಹೇಗೆ ಕೇಳಿದರು?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು. "ಮಗು, ನೀನು ಹೇಳಿದ ಮೇಲೆ ಅವರ ಜೊತೆ ಎಷ್ಟು ಹೊತ್ತು ಇದ್ದೆ?"

ಶಿಷ್ಯ ಎದ್ದು ಗುಡಿಸಲುಗಳ ಕಡೆ ನಡೆದ.

ಈ ಕತೆ ಕೇಳಿದವರ ಮನೆಯಲ್ಲಿ ತೊಟ್ಟಿಲು ತೂಗಲಿ, ದೂರ ದುಡಿಯುವವರ ಮೈ ಗಟ್ಟಿಯಿರಲಿ, ಆರೈಕೆ ಮಾಡುವ ಕೈಗಳನ್ನು ಪರಶಿವನು ತನ್ನ ಕೈಯೆಂದೇ ಕಾಯಲಿ.