ಮೇವಿನ ಪುಸ್ತಕದಲ್ಲಿ ಸಿಕ್ಕ ಮುತ್ತಜ್ಜ

ಮೀಸೆ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಾನು ಪುರಸಭೆಯ ರೆಕಾರ್ಡ್ ರೂಮಿನ ಗುಮಾಸ್ತ; ಹಳೆಯ ಅರಮನೆಯ ಪುಸ್ತಕಗಳೂ ಅಲ್ಲೇ ಇವೆ. ಕಾಗದದ ವಾಸನೆ ಹಿಡಿದೇ ಯಾರ ಮುತ್ತಜ್ಜನನ್ನಾದರೂ ಹುಡುಕಿ ಕೊಡುತ್ತೇನೆ.

ಒಂದು ದಿನ ಪುರಸಭೆ ಅಧ್ಯಕ್ಷ ಮರಿಸ್ವಾಮಿ ಬಂದು ಮೇಜು ಗುದ್ದಿದರು. "ನಮ್ಮ ಮುತ್ತಜ್ಜ ದೊರೆಗಳ ಸಮಕ್ಕೆ ಕೂತವರು ಕಣಯ್ಯಾ. ನಾಳೆ ನನಗೆ ಸನ್ಮಾನ. ಅಷ್ಟರಲ್ಲಿ ದಾಖಲೆ ಕೊಡು, ಇಲ್ಲದಿದ್ದರೆ ನಿನಗೆ ವರ್ಗ!"

ದರ್ಬಾರಿನ ಪುಸ್ತಕಗಳಲ್ಲಿ ಮುತ್ತಜ್ಜನ ಸುಳಿವೇ ಇರಲಿಲ್ಲ. ಯಾರೂ ಮುಟ್ಟದ ಆನೆಲಾಯದ ಮೇವಿನ ಪುಸ್ತಕ ಬಿಚ್ಚಿದೆ. ಅಲ್ಲಿದ್ದರು: "ಪಟ್ಟದಾನೆ ಚಂಪಕಮಾಲೆ. ಮಾವುತ, ಕೋಟೆಬೀದಿ ಮರಿಸ್ವಾಮಿ." ಅಧ್ಯಕ್ಷರ ಮನೆಯಿರುವ ಬೀದಿಯೂ ಅದೇ, ಮರಿಮಗನಿಗೆ ಮುತ್ತಜ್ಜನ ಹೆಸರಿಡುವ ಮನೆತನ ನೋಡಿ!

ದೃಢೀಕರಿಸಿ ಬರೆದುಕೊಟ್ಟೆ: "ಮೆರವಣಿಗೆಯಲ್ಲಿ ಇವರು ಮುಂದೆ ಕೂರುತ್ತಿದ್ದರು, ದೊರೆಗಳು ಇವರ ಹಿಂದೆ."

ಸಭೆಯಲ್ಲಿ ಅಧ್ಯಕ್ಷರು ಅದನ್ನು ಎರಡು ಸಲ ಓದಿದರು. ಮುಂದಿನ ಸಾಲಿನಿಂದ ಅವರ ಸೋದರತ್ತೆ ಕೆಂಪಮ್ಮ ಎದ್ದರು.

"ಆನೆ ಮೇಲೆ ಮಾವುತ ಮುಂದೇ ಅಲ್ವೇನೋ ಮರಿ ಕೂರೋದು? ಅವರ ಅಂಕುಶ ನಮ್ಮ ಅಟ್ಟದಲ್ಲೈತೆ!"

ಸಭೆಗೆ ಸಭೆಯೇ ನಕ್ಕಿತು. ಅಧ್ಯಕ್ಷರು ನನ್ನತ್ತ ಕಣ್ಣು ಕೆಂಪಗೆ ಮಾಡಿದರು.

ನಾನು ಕೈಮುಗಿದೆ. "ದೊರೆಗಳಿಗೇ ದಾರಿ ತೋರಿಸಿದ ವಂಶ, ಸ್ವಾಮಿ!"

ಅವರ ಮುಖ ಅರಳಿತು. ಈಗ ಆ ಅಂಕುಶ ಅವರ ಕುರ್ಚಿಯ ಮೇಲೆ ತೂಗುತ್ತಿದೆ, ನಾನೂ ನನ್ನ ಕುರ್ಚಿಯಲ್ಲೇ ಇದ್ದೇನೆ.

ಆನೆಯ ಹೆಸರೊಂದು ಮಾತ್ರ ನಾನಿಟ್ಟದ್ದು. ಅಷ್ಟು ಜಾಗವನ್ನು ಗೆದ್ದಲು ತಿಂದಿತ್ತು.