ಸ್ಕ್ರೂಡ್ರೈವರಿಗೆ ಸಿಕ್ಕ ಕೆಲಸ

ಗುರುಪಾದಪ್ಪನವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೊಂದು ಸ್ಕ್ರೂಡ್ರೈವರ್ ಇತ್ತು. ಆಯುಧಪೂಜೆಯ ಕುಂಕುಮ ಇನ್ನೂ ಅದರ ಹಿಡಿಯ ಮೇಲಿತ್ತು. ಒಂದು ದಿನ ಕೆಟ್ಟುಹೋದ ಹೊಸ ಲ್ಯಾಪ್‌ಟಾಪೊಂದು ಬಂತು. ಸ್ಕ್ರೂಡ್ರೈವರ್ ಅದರ ಮೈಯೆಲ್ಲ ತಡಕಿ ತಬ್ಬಿಬ್ಬಾಯಿತು.

"ನಿನ್ನ ಸ್ಕ್ರೂ ಎಲ್ಲಿದೆ ತಾಯಿ?"

"ನನಗೆ ಸ್ಕ್ರೂ ಇಲ್ಲಜ್ಜ, ಪೂರ್ತಿ ಅಂಟು ಹಾಕಿ ಮುಚ್ಚಿದ್ದಾರೆ."

"ಮತ್ತೆ ಕೆಟ್ಟರೆ ಬಿಚ್ಚುವುದು ಹೇಗೆ?"

"ಬಿಚ್ಚುವುದಿಲ್ಲ. ಎಸೆದು ಇನ್ನೊಂದು ತರಿಸುತ್ತಾರೆ."

"ಹಾಗಾದರೆ ನಾನು ಯಾಕಿದ್ದೇನೆ?"



ಕೆಲವು ದಿನ ಕಳೆದ ಮೇಲೆ ಗುರುಪಾದಪ್ಪ ಖಾಲಿಯಾದ ಅಂಗಡಿಗೆ ಬೀಗ ಹಾಕಿ, ಸ್ಕ್ರೂಡ್ರೈವರನ್ನು ಹಿಡಿದುಕೊಂಡು ಅಂಗಡಿಯ ಮುಂದೆ ಏಣಿ ಹತ್ತಿದರು. ಅಲ್ಲಿ ಸಾಲಾಗಿ ಸ್ಕ್ರೂಗಳು! ಅದು ಹುರುಪಿನಿಂದ ಗಿರಗಿರ ತಿರುಗಿತು. ಅಂಗಡಿಯ ಬೋರ್ಡು ಕಳಚಿ ಕೆಳಗಿಳಿಯಿತು. ಅದರಲ್ಲೇನು ಕೆಟ್ಟಿದೆಯೋ ಸ್ಕ್ರೂಡ್ರೈವರಿಗೆ ತಿಳಿಯಲಿಲ್ಲ.

"ಸ್ಕ್ರೂಗಳು ಜೋಪಾನ, ಯಜಮಾನರೇ," ಎಂದಿತು, "ರಿಪೇರಿಯಾದ ಮೇಲೆ ತಿರುಗಿ ಹಾಕಬೇಕಲ್ಲ!"