ನಡುಹೊಳೆಯಲ್ಲಿ ಮುಗಿದ ಹಾಡು

ಹೊಳೆಗೆ ಸೇತುವೆ ಬರುವುದಕ್ಕಿಂತ ಹಿಂದಿನ ಮಾತು. ಅಳಿವೆಯ ಹತ್ತಿರ ದುಗ್ಗಜ್ಜ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದರು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಸೇತುವೆಯ ಮೇಲೆ ಸಿಟ್ಟು ಬರುತ್ತದೆ.

ಅಜ್ಜನ ಬಳಿ ಗಡಿಯಾರ ಇರಲಿಲ್ಲ. ಅವರ ಗುರುಗಳು ಕಲಿಸಿದ ಒಂದು ಹಾಡಿತ್ತು. ಈ ದಡದಲ್ಲಿ ಶುರು ಮಾಡಿದರೆ ಆ ದಡ ಮುಟ್ಟುವಾಗ ಮುಗಿಯಬೇಕು.

ಪ್ರತಿ ಅಮಾವಾಸ್ಯೆ, ನೀರು ಇಳಿದಾಗ, ದೋಣಿಯನ್ನು ಮರಳಿಗೆ ಎಳೆದು ಬೋರಲು ಹಾಕುತ್ತಿದ್ದರು. ಅಡಿಗೆ ಹತ್ತಿದ ಪಾಚಿ, ಚಿಪ್ಪುಗಳನ್ನು ಕೆರೆದು, ತೆಂಗಿನ ಸಿಪ್ಪೆಯಿಂದ ಉಜ್ಜಿ, ಆಮೇಲೆ ಬಣ್ಣ. ಆ ಸಲ ಅಜ್ಜನಿಗೆ ಬಗ್ಗಲಾಗಲಿಲ್ಲ. ಶಿಷ್ಯ ಸೋಮಯ್ಯನಿಗೆ ಒಪ್ಪಿಸಿದರು. ಕೆಲಸ ಸರಿಯಾದರೆ ನಾಳೆಯಿಂದ ದೋಣಿಯ ಹುಟ್ಟು ನಿನ್ನದೇ ಎಂದರು. ಆ ಹುಟ್ಟಿಗಾಗಿ ಸೋಮಯ್ಯ ಹನ್ನೆರಡು ವರ್ಷ ಕಾದಿದ್ದ.

ಅವನು ಚಿಪ್ಪುಗಳನ್ನೇನೋ ಕೆರೆದ. ಅವು ಅಂಟಿದ್ದಲ್ಲಿ ಉಗುರಗಲದ ಒರಟು ಬಿಳಿ ಬಳೆಗಳು ಉಳಿದವು. ಅವು ಹೋಗಬೇಕಾದರೆ ಇನ್ನರ್ಧ ದಿನ ಉಜ್ಜಬೇಕು. ಮಹಾಶಯನಿಗೆ ಅವಸರ. ಮೇಲೆಯೇ ದಪ್ಪಗೆ ನೀಲಿ ಬಳಿದ. ದೋಣಿ ಹೊಸದರಂತೆ ಹೊಳೆಯಿತು.

ಮರುದಿನ ಬೆಳಿಗ್ಗೆ ಅಜ್ಜ ಹಿಂದೆ ಕೂತು ಹಾಡು ಶುರು ಮಾಡಿದರು. ಸೋಮಯ್ಯ ಹುಟ್ಟು ಹಾಕಿದ. ಕಡೆಯ ಸಾಲು ಮುಗಿದಾಗ ದೋಣಿ ಇನ್ನೂ ನಡುಹೊಳೆಯಲ್ಲಿತ್ತು.

ಸೋಮಯ್ಯ ಗಾಳಿಯನ್ನು ದೂರಿದ. ಗಾಳಿ ಇರಲಿಲ್ಲ. ಸೆಳೆತವನ್ನು ದೂರಿದ. ಅಜ್ಜ ನೀರು ನೋಡುತ್ತ ಕೂತಿದ್ದರು.

ಆಚೆ ದಡ ಮುಟ್ಟಿದ ಮೇಲೆ, ಅಜ್ಜ ಹೇಳಿದಂತೆ, ಅಲ್ಲಿ ಕಾದಿದ್ದವರು ಕೈಜೋಡಿಸಿ ದೋಣಿಯನ್ನು ಮರಳಿಗೆಳೆದು ಬೋರಲು ಹಾಕಿದರು.

“ಕಣ್ಣು ಮುಚ್ಚಿ ಮುಟ್ಟಿ ನೋಡು ಮಾರಾಯ,” ಎಂದರು ಅಜ್ಜ.

ಸೋಮಯ್ಯ ದೋಣಿಯ ಅಡಿಯ ಮೇಲೆ ಅಂಗೈ ಎಳೆದ. ನೀಲಿಯ ಕೆಳಗಿಂದ ಒಂದೊಂದು ಬಳೆಯೂ ತರಚಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಇಷ್ಟು ಸಣ್ಣದು ದೋಣಿಯನ್ನು ಹಿಡಿದು ನಿಲ್ಲಿಸ್ತದಾ ಅಜ್ಜ?”

“ನೀರು ನಿನ್ನ ಬಣ್ಣ ನೋಡುದಿಲ್ಲ. ನಿನ್ನ ಹಾಗೇ ಕೈಯಾಡಿಸಿಕೊಂಡು ಹೋಗ್ತದೆ. ತಡೆದಲ್ಲೆಲ್ಲ ನಿಲ್ತದೆ.”

“ಹಾಗಾದರೆ ಹುಟ್ಟು?” ಸೋಮಯ್ಯನ ಸ್ವರ ಇಳಿದಿತ್ತು.

ಅಜ್ಜ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕರು. ಐವತ್ತು ವರ್ಷದ ಹಿಂದೆ ತನಗೂ ಹಾಡು ನಡುಹೊಳೆಯಲ್ಲೇ ಮುಗಿದಿತ್ತು, ತಾನು ಬಳಿದದ್ದು ಹಸಿರು ಎಂದರು. ಗುರುಗಳು ಬೈಯಲಿಲ್ಲವಂತೆ. ಉಜ್ಜಿ ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದರಂತೆ. ಹೇಳುತ್ತ ಹೇಳುತ್ತ ಅಜ್ಜನ ಕಣ್ಣು ಒದ್ದೆಯಾಯಿತು.

ಆಮೇಲೆ ಮರಳಿನ ಮೇಲೆ ಬಿದ್ದಿದ್ದ ತೆಂಗಿನ ಸಿಪ್ಪೆಯೊಂದನ್ನು ಎತ್ತಿ ಕೊಟ್ಟರು.

“ಇನ್ನೊಂದು ಸಲ ಹಾಡುವಷ್ಟು ಉಸಿರುಂಟು ನನಗೆ. ಉಜ್ಜು.”